ನಾಲ್ಕೂವರೆ ಪಟ್ಟು

ಎಡಗೈ ಚಾಚಿದಳು ಬೆವ್.
ಅರವತ್ತೆಂಟರ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತಿ,
ಮೊಣಕಾಲಿಗೆ ಬೆಲ್ಟು, ಕೊರಳಲ್ಲಿ ಮಾಸಿದ ಸ್ಕಾರ್ಫು.
ಟೂವೂಂಬಾದಲ್ಲಿ ಅಂದು ಮೂಳೆ ಕೊರೆವ ಗಾಳಿ.
ತಗಡಿನ ಶೆಡ್ಡಿನ ಬಾಗಿಲಲ್ಲಿ ನಾನು,
ನನ್ನ ಹಿಂದೆ ಅರ್ಧ ಅಡಗಿದ ಅನಲಾ.

"ಸ್ಕೌಟಿನಲ್ಲಿ ಕೈಕುಲುಕುವುದು ಹೀಗೇ," ಎಂದಳು,
"ಹೃದಯದ ಕಡೆಯ ಕೈ."

ಎಡಗೈ!
ಆ ಕೈಗೆ ನಾನು ಎಷ್ಟು ಸಲ ಹೊಡೆದಿಲ್ಲ.
ಕುಂಕುಮ ತೆಗೆದುಕೊಳ್ಳುವಾಗ, ತುತ್ತು ಎತ್ತುವಾಗ,
ಅಂಗಡಿಯವನಿಗೆ ಹತ್ತು ಡಾಲರ್ ಕೊಡುವಾಗಲೂ:
ಅದಲ್ಲ ಪುಟ್ಟಾ, ಬಲಗೈ, ಬಲಗೈ.
ಹೊಡೆತವೆಂದರೆ ಹೊಡೆತವಲ್ಲ,
ಬೆರಳ ತುದಿಯಿಂದ ಒಂದು ತಟ್ಟು,
ನನ್ನಮ್ಮ ನನಗೆ ತಟ್ಟಿದಷ್ಟೇ.
ಹನ್ನೆರಡು ತುಂಬುವಷ್ಟರಲ್ಲಿ ಅವಳು
ಯಾವ ಕೈಯನ್ನೂ ಎತ್ತದ ಹುಡುಗಿಯಾಗಿದ್ದಳು,
ತರಗತಿಯಲ್ಲಿ ಉತ್ತರ ಗೊತ್ತಿದ್ದರೂ.

ಜೇಬಿನಿಂದ ಹೊರಬಂತು ಅವಳ ಎಡಗೈ,
ಬಿಲದ ಬಾಯಲ್ಲಿ ಗಾಳಿ ಮೂಸುವ ಪ್ರಾಣಿಯ ಹಾಗೆ.
ಬೆವ್‌ಳ ಒರಟು ಅಂಗೈ ಸೇರಿತು.
ನಾನು ಮುಖ ತಿರುಗಿಸಿ
ಗೋಡೆಗೆ ತೂಗುಹಾಕಿದ ಹಗ್ಗಗಳನ್ನು ನೋಡಿದೆ.

*

ಏನು ಕಲಿತಳು, ಎಂದು ಕೇಳುತ್ತಾಳೆ ಅಕ್ಕ ವಾಟ್ಸಾಪಿನಲ್ಲಿ.
ಸರ್ಟಿಫಿಕೇಟು ಸಿಗುತ್ತದಾ, ಮೆಡಿಕಲ್ ಸೀಟಿಗೆ ಅಂಕ ಕೊಡುತ್ತಾರಾ.
ಏನು ಹೇಳಲಿ.
ಉರಿಯುವ ಕಟ್ಟಿಗೆ ಯಾವುದು, ಬರೀ ಹೊಗೆಯುವುದು ಯಾವುದು,
ಮುಟ್ಟಿದರೆ ಗೊತ್ತಾಗುತ್ತದೆ ಅವಳಿಗೆ.
ಅನ್ನ ಸೀಯಿಸಿದಳು. ಅಳಲಿಲ್ಲ.
ಬೂದಿ ಹಾಕಿ ಪಾತ್ರೆ ತಿಕ್ಕಿದಳು,
ತಿಂದವರು ಬೈದದ್ದನ್ನೆಲ್ಲ ಕಾರಿನಲ್ಲಿ ನಟಿಸಿ ತೋರಿಸಿದಳು.
ಒಮ್ಮೆ ನಕಾಶೆ ಅವಳ ಕೈಯಲ್ಲಿತ್ತು,
ನಾಲ್ಕು ಮಕ್ಕಳು ಎರಡು ಕಿಲೋಮೀಟರು ದಾರಿ ತಪ್ಪಿದರು.
"ನಾನೇ ತಪ್ಪಿಸಿದ್ದು" ಎಂದಳಂತೆ ಎಲ್ಲರೆದುರು ಎದ್ದುನಿಂತು.
ಅದಕ್ಕೆ ಬ್ಯಾಡ್ಜ್ ಇಲ್ಲ, ಅಕ್ಕಾ.

*

ಜುಲೈ ರಜೆಯ ಶಿಬಿರಕ್ಕೆ, ಈರುಳ್ಳಿ ಹೆಚ್ಚಲೆಂದು, ನಾನೂ ಹೋದೆ.
ಊರ ಹೆಸರು ಕ್ರೋಸ್ ನೆಸ್ಟ್, ನಮ್ಮ ಮಾತಲ್ಲಿ ಕಾಗೆಗೂಡು.
ನನ್ನ ಡೇರೆ ಮೂರು ಸಲ ಬಿತ್ತು.
ನಾಲ್ಕನೆಯದಕ್ಕೆ ದಖೀಲ್ ಬಂದ, ಹದಿಮೂರರ ಯಜೀದಿ ಹುಡುಗ.
ಗೂಟ ಓರೆಯಾಗಿ ಹಿಡಿದ, ಕಲ್ಲಿನಿಂದ ಎರಡೇ ಏಟು.
ಎಷ್ಟು ಚೆನ್ನಾಗಿ ಬರುತ್ತದೆ ನಿನಗೆ, ಎಂದೆ.
"ನಾಲ್ಕು ವರ್ಷ ಡೇರೆಯಲ್ಲೇ ಇದ್ದೆವು," ಎಂದ
ಹಗ್ಗ ಬಿಗಿಯುತ್ತ,
ಯಾವ ಶಾಲೆ ಎಂದು ಕೇಳಿದರೆ ಹೇಳುವ ಹಾಗೆ.
ನನ್ನ ಬಾಯಿ ಕಟ್ಟಿತು.
ಅವನೇ, ಕೊನೆಯ ಗಂಟು ಹಾಕಿ:
"ಇದು ಪರವಾಗಿಲ್ಲ ಆಂಟಿ.
ಇದನ್ನ ಭಾನುವಾರ ಬಿಚ್ಚಬಹುದು."

*

ಹುಲ್ಲಿನ ಮೇಲೆ ಇಬ್ಬನಿ ಗಾಜಾಗುವ ಹೊತ್ತು.
ಉತ್ತರಕ್ಕೆ ಮುಖ ಮಾಡಿ ಧ್ರುವನನ್ನು ಹುಡುಕಿದೆ,
ಹದಿನಾಲ್ಕು ವರ್ಷದಿಂದ ಇಲ್ಲೇ ಇದ್ದೂ.
ಇಲ್ಲಿ ಅವನು ನೆಲದ ಕೆಳಗೆ.
"ಅಮ್ಮಾ, ಈ ಕಡೆ ತಿರುಗು."
ಗಾಳಿಪಟದ ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ,
ಪಕ್ಕಕ್ಕೆ ಮಿಣುಕುವ ಇನ್ನೊಂದು.

ನಮ್ಮಲ್ಲಿ ಇದಕ್ಕೆ ತ್ರಿಶಂಕು ಅಂತಾರೆ, ಎಂದೆ.
ಸ್ವರ್ಗಕ್ಕೆ ಹೋಗಿ, ದಬ್ಬಿಸಿಕೊಂಡು,
ತಲೆಕೆಳಗಾಗಿ ನಡುವೆ ನೇತುಬಿದ್ದ ರಾಜ.
ಅಲ್ಲೂ ಇಲ್ಲ, ಇಲ್ಲೂ ಇಲ್ಲ...

"ಇರಬಹುದು," ಎಂದಳು. "ಈಗ ನೋಡು.
ಉದ್ದದ ಗೆರೆ ಇದೆಯಲ್ಲ, ಅದನ್ನೇ ಮುಂದಕ್ಕೆ ಎಳಿ,
ನಾಲ್ಕೂವರೆ ಪಟ್ಟು.
ಅಲ್ಲಿಂದ ನೇರ ಕೆಳಗೆ ಬಾ. ಅದೇ ದಕ್ಷಿಣ."

ಎಡಗೈ ಎತ್ತಿದಳು.
ಹೆಬ್ಬೆರಳು ತೋರುಬೆರಳ ನಡುವೆ ರಾಜನನ್ನು ಹಿಡಿದು
ಆಕಾಶದುದ್ದಕ್ಕೆ ಅಳೆದಳು:
ಒಂದು. ಎರಡು. ಮೂರು. ನಾಲ್ಕು.
ಮತ್ತೆ ಅರ್ಧ.

ದಕ್ಷಿಣ ಯಮನ ದಿಕ್ಕು ಎನ್ನಲು ಹೊರಟವಳು
ಸುಮ್ಮನಾದೆ.
ಅಲ್ಲಿ, ನೀಲಗಿರಿ ಮರಗಳ ಬುಡದಲ್ಲಿ,
ಕಕ್ಕಸಿನ ಶೆಡ್ಡಿನ ಬಲ್ಬು ಉರಿಯುತ್ತಿತ್ತು.

ಮೈಲೊ ತುಂಬಿದ ತಗಡಿನ ಲೋಟ ಚಾಚಿದಳು,
ಅದೇ ಕೈಯಲ್ಲಿ.
ಎರಡೂ ಕೈಯಲ್ಲಿ ತೆಗೆದುಕೊಂಡೆ.
ತುಂಬಾ ಬಿಸಿಯಿತ್ತು.